ಕಂಪ್ಯೂಟರಿನಲ್ಲಿ ನಡೆದ ನೀರುಗಂಟಿ

ಒಂದೇ ವಾರದಲ್ಲಿ ಹಾಜರಿಯ ಆ್ಯಪಿನಲ್ಲಿ ಮೂರು ಸಲ ಕೆಂಪು ಬಿದ್ದ ಮೇಲೆ ನೀರುಗಂಟಿ ನನ್ನ ಅಂಗಡಿಗೆ ಬಂದರು. ಕಿರಂಗೂರಿನಲ್ಲಿ ನನ್ನದು ಜೆರಾಕ್ಸು, ಪ್ರಿಂಟು, ಆನ್‌ಲೈನ್ ಅರ್ಜಿಗಳ ಅಂಗಡಿ. ನಮ್ಮ ಮನೆತನದವರು ನೇಗಿಲು, ಗಾಡಿ ಮಾಡುತ್ತಿದ್ದವರಾದ್ದರಿಂದ ಊರಿನವರಿಗೆ ನಾನು ಇವತ್ತಿಗೂ ಆಚಾರಿಯೇ. ನೀರುಗಂಟಿ ಕೋಲನ್ನು ಗೋಡೆಗೆ ಒರಗಿಸಿ, ಫೋನನ್ನು ನನ್ನ ಮುಂದೆ ಇಟ್ಟರು.

"ಆಚಾರ್ರೇ, ಇದು ನನ್ನ ನಡೆಯೋನು ಅಂತ್ಲೇ ಒಪ್ತಾ ಇಲ್ವಲ್ಲ. ವಸಿ ನೋಡಿ," ಅಂದರು.

ನಾಲೆಯ ಮೇಲೆ ಅವರ ಪಾಲಿಗೆ ಹದಿನಾಲ್ಕು ತೂಬು. ದಿನಾ ಬೆಳಿಗ್ಗೆ ಮೊದಲನೆಯದರಿಂದ ಕೊನೆಯದರವರೆಗೆ ಏರಿಯ ಮೇಲೆ ನಡೆದುಹೋಗಿ, ಯಾವ ಗದ್ದೆಗೆ ಅವತ್ತು ಸರದಿಯೋ ಆ ತೂಬು ಎತ್ತಿ, ಸರದಿ ಮುಗಿದದ್ದನ್ನು ಇಳಿಸಿ, ಕಸ ಕಿತ್ತು ಬರಬೇಕು. ಈ ಕೆಲಸವನ್ನು ಹೊಸದಾಗಿ ಒಂದು ಏಜೆನ್ಸಿಗೆ ಗುತ್ತಿಗೆ ಕೊಟ್ಟಿದ್ದರು. ಏಜೆನ್ಸಿಯವರು ಎಲ್ಲ ನೀರುಗಂಟಿಗಳ ಫೋನಿಗೂ ಒಂದು ಆ್ಯಪ್ ಹಾಕಿದರು. ಮೊದಲು ಅದು ಫೋನು ಎಲ್ಲಿದೆ ಅನ್ನುವುದನ್ನಷ್ಟೇ ನೋಡುತ್ತಿತ್ತಂತೆ. ಆಗ ಕೆಲವು ಪುಣ್ಯಾತ್ಮರು ಫೋನನ್ನು ಬೈಕಿನವರ ಕೈಗೆ ಕೊಟ್ಟು ಕಳಿಸಿ ಮನೆಯಲ್ಲಿ ಮಲಗಿದರು. ಅದಕ್ಕೇ ಚಲನೆಯ ಸೆನ್ಸರನ್ನೂ ಸೇರಿಸಿದರು. ಜೇಬಿನಲ್ಲಿ ಫೋನಿಟ್ಟುಕೊಂಡು ನಡೆದರೆ ಅದು ಹೆಜ್ಜೆ ಎಣಿಸಬೇಕು. ಸುತ್ತಿನ ಕೊನೆಗೆ ನೂರಕ್ಕೆ ಎಂಬತ್ತು ಅಂಕಕ್ಕಿಂತ ಕಡಿಮೆ ಬಂದರೆ ಕೆಂಪು. ವಾರಕ್ಕೆ ಮೂರು ಕೆಂಪು ಬಿದ್ದರೆ ಗೈರುಹಾಜರಿ. ಹೀಗೇ ಒಂದು ತಿಂಗಳು ಹೋದರೆ ಕೆಲಸದಿಂದ ಬಿಡುಗಡೆ.

ನಮ್ಮ ನೀರುಗಂಟಿಯ ಬಲಗಾಲು ಚಿಕ್ಕಂದಿನಿಂದಲೇ ಸಣ್ಣದು. ಎಡಗಾಲನ್ನು ಊರಿ, ಬಲಗಾಲನ್ನು ಎಳೆದುಕೊಂಡು, ಕೋಲಿನ ಆಸರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಆ ಏರಿ ತುಳಿದಿದ್ದಾರೆ. ಹದಿನಾಲ್ಕು ತೂಬನ್ನೂ ಮುಟ್ಟಿ ಬಂದ ದಿನವೂ ಆ್ಯಪು ಅವರಿಗೆ ಕೊಟ್ಟದ್ದು ನಲವತ್ತೊಂದು.

"ಸೂಪರ್‌ವೈಸರ್‌ಗೆ ಹೇಳಲಿಲ್ಲವಾ ಅಣ್ಣ?" ಅಂದೆ.

"ಯೋಳ್ದೆ. ಆ್ಯಪು ಅಂದ್ರೆ ಎಲ್ರಿಗೂ ಒಂದೇ ಕಣಣ್ಣ, ನಾನೇನ್ ಮಾಡಾಕಾಯ್ತದೆ ಅಂದ. ಅವ್ನು ಕೆಟ್ಟೋನಲ್ಲ ಬುಡಿ."

ಸೂಪರ್‌ವೈಸರ್ ನನ್ನ ಜೊತೆ ಓದಿದವನು. ಕೆಟ್ಟವನಲ್ಲ ಅನ್ನುವುದು ನಿಜ. ಒಳ್ಳೆಯವನಾಗುವ ತೊಂದರೆಯನ್ನೂ ಅವನು ಯಾವತ್ತೂ ತೆಗೆದುಕೊಂಡವನಲ್ಲ.

ಮೊದಲ ವಾರ ಪ್ರಾಮಾಣಿಕವಾಗಿಯೇ ಒದ್ದಾಡಿದೆ. ಸೆನ್ಸರು ಏನು ಕಾಣುತ್ತಿದೆ ಅನ್ನುವುದನ್ನು ಗೆರೆ ಎಳೆದು ತೋರಿಸುವ ಇನ್ನೊಂದು ಆ್ಯಪನ್ನು ಅವರ ಫೋನಿಗೆ ಹಾಕಿ, ಅಂಗಡಿಯ ಮುಂದೆ ಇಪ್ಪತ್ತು ಹೆಜ್ಜೆ ನಡೆಸಿದೆ. ಆಮೇಲೆ ನಾನು ನಡೆದೆ. ನನ್ನ ಗೆರೆಯಲ್ಲಿ ಒಂದೊಂದು ಹೆಜ್ಜೆಗೂ ಒಂದೊಂದು ಗುಡ್ಡ, ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರ. ಅವರದರಲ್ಲಿ ಒಂದು ಗುಡ್ಡ, ಅದರ ಪಕ್ಕದಲ್ಲಿ ಇದ್ದೂ ಇಲ್ಲದಂಥ ಒಂದು ಏರುತಗ್ಗು. ಬಲಗಾಲಿನ ಹೆಜ್ಜೆಯನ್ನು ಆ್ಯಪು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಎಡಗಾಲಿನದರ ನಡುವಿನ ಅಂತರ ಹೆಚ್ಚಾದದ್ದರಿಂದ ಅದರಲ್ಲೂ ಕೆಲವನ್ನು ಬಿಟ್ಟುಬಿಡುತ್ತಿತ್ತು. ಫೋನನ್ನು ಸೊಂಟಕ್ಕೆ ಕಟ್ಟಿದೆ, ನಲವತ್ತೈದು ಬಂತು. ಎಡ ತೊಡೆಗೆ ಕಟ್ಟಿದೆ. ಐವತ್ತರ ಹತ್ತಿರ ಬಂದು ನಿಂತಿತು. ಕೋಲಿಗೇ ಕಟ್ಟಿದಾಗ "ಫೋನನ್ನು ಅಲುಗಾಡಿಸಬೇಡಿ" ಅಂತ ಬೈದು ಸುತ್ತನ್ನೇ ರದ್ದು ಮಾಡಿತು. ಕೋಲೂರಿ ನಡೆಯುವವನೊಬ್ಬ ಲೋಕದಲ್ಲಿದ್ದಾನೆ ಅನ್ನುವುದು ಅದನ್ನು ಬರೆದವನ ತಲೆಗೆ ಹೊಳೆದೇ ಇಲ್ಲ.

ಕೊನೆಗೆ ನನಗೆ ರೇಗಿತು. ನಡೆಯುವವನನ್ನು ನಡೆಯುವವನು ಅಂತ ಒಪ್ಪದ ಆ್ಯಪಿಗೆ, ನಡೆಯದೇ ಇರುವುದನ್ನು ನಡಿಗೆ ಅಂತ ಒಪ್ಪಿಸುತ್ತೇನೆ ಅಂತ ಹಟ ಹಿಡಿದೆ. ಅಂಗಡಿಯ ಡೆಸ್ಕ್‌ಟಾಪಿನಲ್ಲೇ ಅದನ್ನು ಓಡಿಸುವುದು ಅಂತ ತೀರ್ಮಾನಿಸಿದ್ದು ಆಗ.

ಕಂಪ್ಯೂಟರಿನೊಳಗೆ ಒಂದು ಫೋನಿನ ನಕಲನ್ನು ಮಾಡಿ ಕೂರಿಸುವ ಸಾಫ್ಟ್‌ವೇರ್ ಇದೆ, ಎಮ್ಯುಲೇಟರ್ ಅಂತ. ಆ್ಯಪ್ ಬರೆಯುವವರು ಪರೀಕ್ಷೆಗೆ ಬಳಸುತ್ತಾರೆ. ಅದನ್ನು ಹಾಕಿದೆ. ನನ್ನ ಹಳೆಯ ಕಂಪ್ಯೂಟರು ಮೊದಲು ಒಪ್ಪಲೇ ಇಲ್ಲ; ಆನ್ ಮಾಡುವಾಗಲೇ ಒಳಗಿನ ಸೆಟ್ಟಿಂಗಿಗೆ ಹೋಗಿ ಒಂದು ಗುಂಡಿ ಬದಲಿಸಬೇಕಾಯಿತು. ಆಮೇಲೆ ತೆರೆಯ ಮೇಲೆ ಒಂದು ಫೋನು ಮೂಡಿತು. ಪಕ್ಕದಲ್ಲಿ ಅದರದೇ ಇನ್ನೊಂದು ಚಿತ್ರ, ಮೌಸಿನಿಂದ ಹಿಡಿದು ಓರೆ ಮಾಡಬಹುದು, ಎತ್ತಿ ಇಳಿಸಬಹುದು. ಸುಮ್ಮನೆ ಬಿಟ್ಟರೆ ಕೆಳಗಿನ ಅಂಕಿ ಒಂಬತ್ತು ಪಾಯಿಂಟ್ ಎಂಟರಲ್ಲಿ ನಿಂತಿರುತ್ತದೆ, ಭೂಮಿಯ ಸೆಳೆತ. ನಿಜವಾದ ಫೋನಿನಲ್ಲಿ ಮೇಜಿನ ಮೇಲಿಟ್ಟರೂ ಆ ಅಂಕಿ ಚೂರುಪಾರು ನಡುಗುತ್ತಲೇ ಇರುತ್ತದೆ. ಇಲ್ಲಿ ಅಲುಗಾಟವೇ ಇಲ್ಲ.

ಮೌಸ್ ಹಿಡಿದು ಆ ಚಿತ್ರವನ್ನು ಮೇಲೆ ಕೆಳಗೆ ಆಡಿಸಿದೆ. ಕೈ ಬಿದ್ದುಹೋಗುವಷ್ಟು ಆಡಿಸಿದ ಮೇಲೆ ಏಳು ಹೆಜ್ಜೆ ಎಣಿಸಿತು. ಇದು ಆಗುವ ಮಾತಲ್ಲ ಅನ್ನಿಸಿ, ನನ್ನ ಫೋನಿನಲ್ಲಿ ನಾಲ್ಕು ನಿಮಿಷದ ನಡಿಗೆಯ ಅಂಕಿಗಳನ್ನು ಫೈಲಾಗಿ ಹಿಡಿದು, ಸಾಲು ಸಾಲಾಗಿ ಎಮ್ಯುಲೇಟರಿಗೆ ಉಣಿಸುವ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಸೆಕೆಂಡಿಗೆ ನೂರು ಸಾಲು ಕಳಿಸಿದಾಗ ಕಂಪ್ಯೂಟರು ಉಸಿರುಕಟ್ಟಿ ನಿಂತುಹೋಯಿತು. ಇಪ್ಪತ್ತಕ್ಕೆ ಇಳಿಸಿದೆ, ಹೆಜ್ಜೆ ಸರಾಗವಾಗಿ ಬಿದ್ದವು. ಅದೇ ನಾಲ್ಕು ನಿಮಿಷವನ್ನು ತಿರುಗಿಸಿ ತಿರುಗಿಸಿ ಹಾಕಿದರೆ ಮುಕ್ಕಾಲು ಗಂಟೆಯ ನಂತರ "ಅನುಮಾನಾಸ್ಪದ" ಅಂತ ಹಳದಿ ಪಟ್ಟಿ ಬಂತು. ಒಂದೇ ನಡಿಗೆ ಮತ್ತೆ ಮತ್ತೆ ಬರುವುದನ್ನು ಪತ್ತೆ ಹಚ್ಚುವಷ್ಟು ಬುದ್ಧಿ ಅದಕ್ಕಿತ್ತು. ಹಾಗಾದರೆ ಇಡೀ ಸುತ್ತನ್ನೇ ಒಂದು ಸಲ ನಡೆದು ಹಿಡಿಯಬೇಕು.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ, ನನ್ನ ಫೋನನ್ನು ಜೇಬಿಗೆ ಹಾಕಿಕೊಂಡು ಅವರ ಹಿಂದೆ ಹೊರಟೆ.

"ನನ್ ಸುತ್ತ ನೀವ್ ಸುತ್ತೀರಾ? ಮಂಡಿ ಬಿದ್ದೋಯ್ತದೆ ನೋಡ್ಕಳಿ," ಅಂತ ನಕ್ಕರು.

ಒಂದೊಂದು ತೂಬಿನ ಹತ್ತಿರವೂ ಅವರು ಕೂತು, ನೀರಿಗೆ ಅಂಗೈ ಇಟ್ಟು ನೋಡುತ್ತಿದ್ದರು. ಯಾಕೆ ಅಂತ ಕೇಳಿದೆ. "ಕಣ್ಣಲ್ ನೋಡುದ್ರೆ ಎಲ್ಲಾ ಒಂದೇ ತರ ಕಾಣ್ತದೆ ಆಚಾರ್ರೇ. ಕೈಯಿಟ್ರೆ ಗೊತ್ತಾಯ್ತದೆ, ಎಷ್ಟ್ ಜೋರಾಗ್ ಬತ್ತಾ ಅದೆ, ಮುಂದ್ಲೋನ್ಗೆ ಎಷ್ಟ್ ಉಳೀತದೆ ಅಂತ." ಆ ಕೈಗೆ ಅಂಕ ಕೊಡುವ ಸೆನ್ಸರು ಯಾವ ಆ್ಯಪಿನಲ್ಲೂ ಇರಲಿಲ್ಲ.

ನಾಲ್ಕನೇ ತೂಬು ಕಬ್ಬಿನ ಗದ್ದೆಯ ಮರೆಯಲ್ಲಿದೆ. ಅದರ ಹಲಗೆ ಎತ್ತುವ ತಿರುಪು ಸವೆದಿತ್ತು. ಅವರು ಎತ್ತಿ, ಕೆಳಗೆ ಒಂದು ಕಲ್ಲನ್ನು ಒತ್ತುಕೊಟ್ಟು ನಿಲ್ಲಿಸಿದರು. "ಇದು ನಿಲ್ಲಾಕಿಲ್ಲ, ಜಾರ್ಬುಡ್ತದೆ. ಯೋಳಿ ಯೋಳಿ ನನ್ ಬಾಯ್ ಸವೀತೇ ಒರ್ತು ಯಾರೂ ಬರ್ಲಿಲ್ಲ."

ಮೂರು ದಿನ ಹೀಗೆ ನಡೆದು ಮೂರು ಫೈಲು ಮಾಡಿಕೊಂಡೆ. ತೂಬುಗಳ ಜಾಗವನ್ನೂ ಸಮಯಕ್ಕೆ ಹೊಂದಿಸಿ ಜೋಡಿಸಿದೆ. ನಾಲ್ಕನೆಯ ದಿನ ಡೆಸ್ಕ್‌ಟಾಪಿನಲ್ಲಿ ಅವರ ಹೆಸರಿನ ಚುಕ್ಕಿ ನಾಲೆಯ ಏರಿಯ ಮೇಲೆ ನನ್ನ ಕಾಲಿನ ನಡಿಗೆಯಲ್ಲಿ ಹೊರಟಿತು. ಹನ್ನೊಂದೂ ಮುಕ್ಕಾಲಿಗೆ ಸುತ್ತು ಮುಗಿದು, ಹಸಿರು ಅಕ್ಷರದಲ್ಲಿ ನೂರು ಅಂತ ಬಂತು. ಅವತ್ತು ನನಗಾದ ಖುಷಿಯನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಹೆಂಡತಿಗೆ ಫೋನು ಮಾಡಿ ಹೇಳಿದ್ದೆ. ನಾನು ಸುಳ್ಳು ಹೇಳಿಸುತ್ತಿಲ್ಲ, ಅವರು ನಿಜವಾಗಿ ನಡೆಯುತ್ತಿದ್ದಾರೆ, ಆ ನಿಜವನ್ನು ಆ್ಯಪಿಗೆ ತಿಳಿಯುವ ಭಾಷೆಯಲ್ಲಿ ಹೇಳುತ್ತಿದ್ದೇನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಒಂದು ತೊಡಕಿತ್ತು. ಆ್ಯಪು ಒಂದು ಹೊತ್ತಿಗೆ ಒಂದೇ ಕಡೆ ತೆರೆಯುತ್ತದೆ. ಪ್ರತಿ ಬೆಳಿಗ್ಗೆ ಅವರ ನಂಬರಿಗೆ ಬರುವ ಓಟಿಪಿ ಹಾಕಬೇಕು. ನಡುವೆ ಕೂಡ ಯಾವಾಗ ಬೇಕಾದರೂ ಮತ್ತೆ ಕೇಳಬಹುದು. ಹಾಗಾಗಿ ಅವರ ಫೋನು ನನ್ನ ಹತ್ತಿರವೇ ಇರಬೇಕು. ಎಂಟು ಗಂಟೆಗೆ ನಾಲೆಗೆ ಹೋಗುವಾಗ ಕೊಟ್ಟುಹೋಗುತ್ತಿದ್ದರು, ಮಧ್ಯಾಹ್ನ ಬಂದು ತೆಗೆದುಕೊಳ್ಳುತ್ತಿದ್ದರು. "ಜೋಬು ಅಗುರಾಯ್ತು ಕಣಾಚಾರ್ರೇ," ಅನ್ನುತ್ತಿದ್ದರು. ಈ ವಿಷಯ ನಮ್ಮಿಬ್ಬರಿಗೇ ಗೊತ್ತು. ಅವರ ಹೆಂಡತಿಗೂ ಹೇಳಿರಲಿಲ್ಲ.

ಎರಡು ವಾರ ಹಸಿರು ಬಿತ್ತು. ಮೂರನೇ ವಾರದ ಒಂದು ಬೆಳಿಗ್ಗೆ ಹತ್ತೂವರೆಗೆ ಸೂಪರ್‌ವೈಸರ್ ಯಾವುದೋ ಪಟ್ಟಿ ಪ್ರಿಂಟು ಹಾಕಿಸಲು ಬಂದು ಕೂತಿದ್ದ. ನಾನು ಎಮ್ಯುಲೇಟರಿನ ಕಿಟಕಿಯನ್ನು ಕೆಳಗಿಳಿಸಿದೆ. ನೀರುಗಂಟಿಯ ಫೋನು ಪೇಪರ್ ಕಟ್ಟಿನ ಮರೆಯಲ್ಲಿ ಮಕಾಡೆ ಬಿದ್ದಿತ್ತು, ಸದ್ದು ಬಂದ್ ಮಾಡಿ. ಆಗ ಅವರ ಹೆಂಡತಿ ಬಂದರು.

"ಏಳ್ನೇ ತೂಬ್ನೋರು ನೀರೇ ಬಂದಿಲ್ಲ ಅಂತ ಮನೆತಾವ ಬಂದ್ಬುಟ್ಟವ್ರೆ. ಇವ್ರಿಗ್ ಫೋನ್ ಮಾಡುದ್ರೆ ಎತ್ತಾನೇ ಇಲ್ಲ. ವಸಿ ಎಲ್ಲವ್ರೆ ನೋಡಿ," ಅಂದರು.

ಸೂಪರ್‌ವೈಸರ್ ತನ್ನ ಮೊಬೈಲ್ ತೆಗೆದ. "ಏಳು ದಾಟಿ ಒಂಬತ್ನೇ ತೂಬ್ ತಾವ ಓಗವ್ರೆ ಕಣಕ್ಕ. ನೋಡಿಲ್ಲಿ, ನಡೀತಾನೇ ಅವ್ರೆ. ಗದ್ದೆಯೋರ್ ಕಾಲ್ವೇಲಿ ಕಸ ಕಟ್ಕೊಂಡಿರ್ತದೆ, ಅವ್ರ್ಗೆ ತಗ್ಯಾಕೇಳಿ."

ಆಕೆಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ತಿರುಗಿ, "ಔದಾ ಆಚಾರ್ರೇ?" ಅಂದರು.

ಯಂತ್ರದ ವಿಷಯದಲ್ಲಿ ಊರಿನವರು ನನ್ನನ್ನೇ ಕೇಳುವುದು. ಆ ಚುಕ್ಕಿ ನನ್ನ ನಡಿಗೆ, ಮೂರು ವಾರ ಹಳೆಯದು, ಅದಕ್ಕೂ ಆಕೆಯ ಗಂಡನಿಗೂ ಸಂಬಂಧವಿಲ್ಲ ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ಏಳನೇ ತೂಬು ತೆಗೆದಿಲ್ಲ ಅಂದರೆ ಅವರು ಅಲ್ಲಿಯವರೆಗೆ ಹೋಗಿಯೇ ಇಲ್ಲ ಅನ್ನುವುದೂ ಹೊಳೆಯಿತು. ಪಕ್ಕದಲ್ಲಿ ಸೂಪರ್‌ವೈಸರ್ ಕೂತಿದ್ದ. ನಿಜ ಹೇಳಿದರೆ ಅವರ ಕೆಲಸ ಹೋಗುತ್ತದೆ ಅಂದುಕೊಂಡೆ. ಹಾಗಂತ ಇಷ್ಟು ದಿನ ಹೇಳಿಕೊಂಡಿದ್ದೇನೆ. ನನ್ನ ಅಂಗಡಿಯ ಹೆಸರು ಹೋಗುತ್ತದೆ ಅನ್ನುವುದೂ ಅದೇ ಗಳಿಗೆಯಲ್ಲಿ ತಲೆಗೆ ಬಂದಿತ್ತು.

"ಹೌದಕ್ಕ, ನಡೀತಿದಾರೆ," ಅಂದೆ.

ಆಕೆ ಹೊರಟುಹೋದರು. ಸೂಪರ್‌ವೈಸರ್ ಪ್ರಿಂಟು ತೆಗೆದುಕೊಂಡು ಹೋದ. ಅವನು ಹೋದ ಮೇಲಾದರೂ ನಾನು ಏಳಬಹುದಿತ್ತು. ಎಲ್ಲೋ ಬೀಡಿ ಸೇದುತ್ತಾ ಕೂತಿರುತ್ತಾರೆ, ಹನ್ನೆರಡಕ್ಕೆ ಬಂದೇ ಬರುತ್ತಾರೆ ಅಂದುಕೊಂಡು ಯಾರದೋ ಪಹಣಿ ತೆಗೆಯುತ್ತಾ ಕೂತೆ.

ಹನ್ನೆರಡಕ್ಕೆ ಬಂದದ್ದು ಮತ್ತೆ ಅವರ ಹೆಂಡತಿ. ಸೀರೆಯ ಅಂಚೆಲ್ಲ ಕೆಸರಾಗಿತ್ತು. ನಾನು ಹೇಳಿದ ಮಾತು ನಂಬಿ ಒಂಬತ್ತನೇ ತೂಬಿಗೆ ಹೋಗಿ, ಅಲ್ಲಿಂದ ಹದಿನಾಲ್ಕರವರೆಗೆ ಕೂಗಿಕೊಂಡು ನಡೆದಿದ್ದರು. ನನ್ನ ತೆರೆಯ ಮೇಲೆ ಆಗಲೇ ಹಸಿರು ನೂರು ಬಿದ್ದಿತ್ತು. ನಾನು ಏನೂ ವಿವರಿಸದೆ, "ಅಕ್ಕ, ಮೊದಲಿನಿಂದ ನೋಡೋಣ, ಬನ್ನಿ," ಅಂತ ಬೈಕು ತೆಗೆದೆ. ಆಕೆ ಒಂದು ಗಳಿಗೆ ಮೇಜಿನ ಮೇಲಿದ್ದ ಫೋನನ್ನು ನೋಡಿದರು. ಅದರ ಹಿಂಬದಿಗೆ ಅವರೇ ಅಂಟಿಸಿದ್ದ ದೇವರ ಸ್ಟಿಕ್ಕರ್ ಇತ್ತು. ಏನೂ ಕೇಳದೆ ಬಂದು ಬೈಕಿನ ಹಿಂದೆ ಕೂತರು.

ನಾಲ್ಕನೇ ತೂಬಿನಲ್ಲಿ ಸಿಕ್ಕರು. ಎದೆಮಟ್ಟದ ನೀರಿನಲ್ಲಿ, ತಿರುಪಿನ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದರು. ಹಲಗೆಯ ಬಾಯಿಗೆ ಕಟ್ಟಿಕೊಂಡಿದ್ದ ಕಸವನ್ನು ಕಾಲಿನಿಂದ ತಳ್ಳುವಾಗ ಒತ್ತುಕಲ್ಲು ಜಾರಿ, ಹಲಗೆ ಎಡಪಾದದ ಮೇಲೆ ಕೂತುಬಿಟ್ಟಿತ್ತು. ಎಡಗಾಲು, ಅವರ ಒಳ್ಳೆಯ ಕಾಲು. ನೀರು ಧುಮುಕುವ ಸದ್ದಿಗೆ ಅವರ ಕೂಗು ಕಬ್ಬಿನಾಚೆಗೆ ಕೇಳಿರಲಿಲ್ಲ. ನಾವು ಹೋಗುವ ಹೊತ್ತಿಗೆ ಕೂಗುವುದನ್ನೂ ನಿಲ್ಲಿಸಿದ್ದರು. ಪಕ್ಕದ ಗದ್ದೆಯವರು ಇಬ್ಬರು ಹಾರೆ ತಂದು ಹಲಗೆ ಮೀಟಿದರು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಎಷ್ಟು ಹೊತ್ತಿಗೆ ಸಿಕ್ಕಿಕೊಂಡದ್ದು ಅಂತ. ಒಂಬತ್ತೂವರೆ ಅಂದರು ನೀರುಗಂಟಿ. ತೆಗೆದದ್ದು ಎಷ್ಟು ಹೊತ್ತಿಗೆ ಅಂದರು. ಹನ್ನೆರಡೂವರೆ ಅಂದೆ ನಾನು. "ಮೂರು ಗಂಟೆ ರಕ್ತ ಓಡಿಲ್ಲ. ಒಂದೊಂದೂವರೆ ಗಂಟೆ ಮೊದಲು ಬಿಡಿಸಿದ್ದರೆ ಪ್ರಯತ್ನ ಪಡಬಹುದಿತ್ತು," ಅಂದರು ಡಾಕ್ಟರು. ನೀರುಗಂಟಿಯ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದರು. ಮೂರನೇ ದಿನ ಪಾದ ತೆಗೆದರು.

ಕೆಲಸದ ಮೇಲಿದ್ದಾಗ ಪೆಟ್ಟಾದರೆ ಚಿಕಿತ್ಸೆಯೂ ಮುಂದಿನ ಜೀವನಕ್ಕೆ ಪರಿಹಾರವೂ ಏಜೆನ್ಸಿಯ ಜವಾಬ್ದಾರಿ. ಅರ್ಜಿ ಕೊಟ್ಟೆವು. ವಾರದಲ್ಲಿ ಉತ್ತರ ಬಂತು. ದಾಖಲೆಯ ಪ್ರಕಾರ ಅವರು ಒಂಬತ್ತೂವರೆಗೆ ನಾಲ್ಕನೇ ತೂಬು ದಾಟಿದ್ದಾರೆ, ಹನ್ನೊಂದೂ ಮುಕ್ಕಾಲಿಗೆ ಪೂರ್ತಿ ಸುತ್ತು ಮುಗಿಸಿದ್ದಾರೆ. ಆಮೇಲೆ ಸ್ವಂತ ಕಾರಣಕ್ಕೆ ನಾಲೆಗೆ ಇಳಿದಿದ್ದಕ್ಕೆ ಸಂಸ್ಥೆ ಹೊಣೆಯಲ್ಲ. ಅವರ ವಿರುದ್ಧ ನಿಂತ ಸಾಕ್ಷಿ ನನ್ನ ಕಾಲು.

ಉತ್ತರವನ್ನು ಅವರ ಮಂಚದ ಪಕ್ಕ ಕೂತು ಓದಿ ಹೇಳಿದೆ. ನಡೆದದ್ದನ್ನು ನಾನು ಬರೆದುಕೊಡಬಹುದು, ಆದರೆ ಮೋಸ ಮಾಡಿದಿರಿ ಅಂತ ನಿಮ್ಮನ್ನು ಕೆಲಸದಿಂದ ತೆಗೆಯುತ್ತಾರೆ ಅಂದೆ.

"ಇನ್ಯಾವ್ ಕೆಲ್ಸ ಆಚಾರ್ರೇ, ಈ ಕಾಲಲ್ಲಿ? ಬರ್ಕೊಡಿ. ನಾನು ನಾಲ್ಕ್ನೇ ತೂಬಲ್ಲಿ ಕೆಲ್ಸ ಮಾಡ್ತಾ ಇದ್ದೆ ಅಂತ ಕಾಗ್ದದ ಮ್ಯಾಲಾದ್ರೂ ಇರ್ಲಿ. ನೀರಾಡಾಕ್ ಓಗಿದ್ನಾ ನಾನು?"

ಮೂರು ಪುಟ ಬರೆದೆ. ಸೆನ್ಸರು, ಫೈಲು, ಓಟಿಪಿ, ನನ್ನ ಮೂರು ದಿನದ ನಡಿಗೆ, ಎಲ್ಲವನ್ನೂ. ಹತ್ತೂವರೆಗೆ ಅವರ ಹೆಂಡತಿ ಬಂದದ್ದು ಮಾತ್ರ ಬರೆಯಲಿಲ್ಲ. ಅದು ಅರ್ಜಿಗೆ ಬೇಕಾದ ವಿಷಯವಲ್ಲ ಅಂದುಕೊಂಡೆ.

ಏಜೆನ್ಸಿಯ ಆಫೀಸು ಬಾಬುರಾಯನಕೊಪ್ಪಲಿನಲ್ಲಿ, ಮೈಸೂರು ರಸ್ತೆಯ ಪಕ್ಕದ ಒಂದು ಮಹಡಿ. ಮ್ಯಾನೇಜರು ಮೂರೂ ಪುಟವನ್ನು ಸಾವಧಾನವಾಗಿ ಓದಿದರು. ದನಿ ಏರಿಸಲಿಲ್ಲ. "ನಮ್ಮ ಆ್ಯಪ್ ಡೆಸ್ಕ್‌ಟಾಪಿನಲ್ಲಿ ಓಡುವುದೇ ಇಲ್ಲ ಸಾರ್. ಅವರಿಗೆ ಸಹಾಯ ಆಗಲಿ ಅಂತ ನೀವು ಹೀಗೆ ಬರೆದಿದ್ದೀರಿ. ನಿಮ್ಮ ಒಳ್ಳೆಯತನ ಅರ್ಥವಾಗುತ್ತದೆ," ಅಂದರು.

ಮಾರನೆಯ ದಿನ ಕಂಪ್ಯೂಟರನ್ನೇ ಆಟೋದಲ್ಲಿ ಹೊತ್ತುಕೊಂಡು ಹೋದೆ. ಅವರ ಮೇಜಿನ ಮೇಲೆ ಜೋಡಿಸಿದೆ. ಸೂಪರ್‌ವೈಸರ್ ಬಾಗಿಲ ಹತ್ತಿರ ನಿಂತಿದ್ದ. ಎಮ್ಯುಲೇಟರು ತೆರೆಯಿತು, ಆ್ಯಪು ಒತ್ತಿದೆ. "ಹೊಸ ಆವೃತ್ತಿ ಹಾಕಿಕೊಳ್ಳಿ" ಅಂತ ಕೇಳಿತು. ಹಾಕದೆ ಮುಂದೆ ಬಿಡುತ್ತಿರಲಿಲ್ಲ, ಹಾಕಿದೆ. ಆಮೇಲೆ ಬಿಳಿ ತೆರೆಯ ಮೇಲೆ ಒಂದೇ ಸಾಲು ಬಂತು, ಈ ಸಾಧನದಲ್ಲಿ ಚಲನೆಯ ಸೆನ್ಸರ್ ಇಲ್ಲ. ಮತ್ತೆ ತೆರೆದೆ. ಹಳೆಯ ಆವೃತ್ತಿಯನ್ನು ಹುಡುಕಿ ಹಾಕಿದೆ. ಅದು ಸರ್ವರಿನ ಬಾಗಿಲಲ್ಲೇ ನಿಂತಿತು. ಮೂರು ಫೈಲುಗಳನ್ನು ತೆರೆದು ತೋರಿಸಿದೆ, ಇವು ನನ್ನ ಹೆಜ್ಜೆಗಳು ಅಂದೆ.

"ಇವು ಬರೀ ಅಂಕಿ ಸಾರ್. ಯಾರ ಹೆಜ್ಜೆ ಅಂತ ಇದರಲ್ಲಿ ಎಲ್ಲಿದೆ?" ಅಂದರು ಮ್ಯಾನೇಜರು.

ನಾನು ಸೂಪರ್‌ವೈಸರ್ ಕಡೆ ನೋಡಿದೆ. "ನಿನಗೆ ಗೊತ್ತಲ್ಲೋ, ಅವರು ಹೆಂಗೆ ನಡೀತಿದ್ರು ಅಂತ. ಆ ಕಾಲಿಗೆ ನೂರು ಬರುತ್ತಾ, ಹೇಳು."

ಅವನು ನೆಲ ನೋಡಿದ. "ಆ್ಯಪಲ್ಲಿ ಏನ್ ಬಂದದೋ ಅದೇ ಕಣ್ಲಾ ನಂಗೂ ಗೊತ್ತಿರೋದು," ಅಂದ.

ಕಂಪ್ಯೂಟರನ್ನು ಬಿಚ್ಚಿ ಕಟ್ಟಿಕೊಂಡು ಬಂದೆ. ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು. ನಿಜಕ್ಕೆ ನನ್ನ ಹತ್ತಿರ ಒಂದು ಬಿಳಿ ತೆರೆಯನ್ನು ಬಿಟ್ಟು ಏನೂ ಇರಲಿಲ್ಲ.

ಸಂಜೆ ನೀರುಗಂಟಿಯ ಮನೆಗೆ ಹೋಗಿ ಆದದ್ದನ್ನು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ನೀವಾದ್ರೂ ಓಗ್ ಬಂದ್ರಲ್ಲ. ಅವತ್ತು ನೀವ್ ಬಂದು ಉಡುಕ್ದೆ ಇದ್ದಿದ್ರೆ ನಾನ್ ಅಲ್ಲೇ ಓಗ್ಬುಡ್ತಿದ್ದೆ," ಅಂದರು. ಅವರ ಅಂಗೈ ಬಿಸಿಯಾಗಿತ್ತು. ಹತ್ತೂವರೆಯ ಮಾತು ನಾಲಿಗೆಯವರೆಗೆ ಬಂತು, ಹೇಳಲು ಆಗಲಿಲ್ಲ. ಬರುತ್ತೇನೆ ಅಂತ ಎದ್ದೆ.

ಅವರ ಹೆಂಡತಿ ಜಗಲಿಯವರೆಗೆ ನನ್ನ ಹಿಂದೆ ಬಂದರು. ಬಾಗಿಲನ್ನು ಅರ್ಧ ಎಳೆದುಕೊಂಡು, ದನಿ ತಗ್ಗಿಸಿ ಮಾತಾಡಿದರು.

"ಮೊದ್ಲು ಬಂದಾಗ ನೀವೇನಂದ್ರಿ ಅನ್ನೋದ್ನ ಅವ್ರಿಗೆ ಯೋಳಿಲ್ಲ ನಾನು. ಯೋಳೋದೂ ಇಲ್ಲ. ನಿಮ್ಮಿಂದ್ಲೇ ಉಳ್ಕೊಂಡೆ ಅಂತ ನಂಬ್ಕೊಂಡವ್ರೆ, ನಂಬ್ಕೊಂಡಿರ್ಲಿ. ನೀವು ಮಾತ್ರ ಇನ್ನ ನಮ್ಮನೆತಾವ ಬರ್ಬ್ಯಾಡಿ."

"ಆಗಲಿ ಅಕ್ಕ," ಅಂದೆ.

ಒಳಗಿನಿಂದ ಅವರು ಕೂಗಿದರು, "ಆಚಾರ್ರಿಗೆ ಕಾಪಿ ಕೊಟ್ಯೇನಮ್ಮೀ?"

"ಕೊಟ್ಟೆ," ಅಂದು ಆಕೆ ಬಾಗಿಲು ಹಾಕಿಕೊಂಡರು.